ಹಿಂಬದಿ ಕೋಣೆಯ ಕತ್ತಲೆ

ಸೊಸೆಗೆ ಕತ್ತಲೆ ಇರಲಿಲ್ಲ. ನೀರಿತ್ತು, ತಳಕ್ಕೆ ತೂತು ಕೊರೆದ ಆರು ಪ್ಲಾಸ್ಟಿಕ್ ಟಬ್ಬುಗಳಿದ್ದವು, ಒಂದು ಗೋಣಿಚೀಲದ ತುಂಬ ಹೆಸರುಕಾಳಿತ್ತು, ದಿನಕ್ಕೆ ಹತ್ತು ಕಿಲೊ ಮೊಳಕೆ ತೆಗೆದುಕೊಳ್ಳುತ್ತೇನೆಂದು ಬಾಯಿಬಿಟ್ಟು ಹೇಳಿದ ನೂಡಲ್ಸ್ ಅಂಗಡಿಯಾಕೆಯೂ ಇದ್ದಳು. ಕತ್ತಲೆಯೊಂದು ಇರಲಿಲ್ಲ. ಬೆಳಕು ತಾಗಿದರೆ ಮೊಳಕೆ ಹಸಿರಾಗುತ್ತದೆ, ಕಹಿಯಾಗುತ್ತದೆ. ನೂಡಲ್ಸ್ ಅಂಗಡಿಗೆ ಬೇಕಾದದ್ದು ಬೆರಳುದ್ದದ, ಬೆಳ್ಳಗಿನ, ಕಚ್ಚಿದರೆ ಕರುಂ ಎನ್ನುವ ಮೊಳಕೆ.

ಮನೆಯಲ್ಲಿ ನಾಲ್ಕು ಕೋಣೆ. ಮೂರಕ್ಕೆ ದೊಡ್ಡ ದೊಡ್ಡ ಕಿಟಕಿ. ನಾಲ್ಕನೆಯದು ಹಿಂಬದಿಯದು, ಕಿಟಕಿಯಿಲ್ಲದ್ದು, ಮಾವನದು. ಮಾವ ನಲವತ್ತು ವರ್ಷದಿಂದ ಬಿದಿರಿನ ಕುರ್ಚಿ, ಮೇಜು ಮಾಡುವವನು. ಬಿಸಿಲು ಬಿದ್ದರೆ ಸೀಳುತ್ತವೆಂದು ಬಿದಿರುಗಳನ್ನೆಲ್ಲ ಆ ಕೋಣೆಯಲ್ಲಿ ಗೋಡೆಗೆ ಒರಗಿಸಿ ಇಟ್ಟಿದ್ದ.

“ಮಾವ, ಹಿಂದಿನ ಕೋಣೇಲಿ ನನಗೆ ಅರ್ಧ ಜಾಗ ಕೊಡಿ,” ಅಂದಳು ಸೊಸೆ, ಅನ್ನ ಬಡಿಸುತ್ತ.

ಮಾವ ಅವಳನ್ನು ನೋಡದೆ ಮಗನನ್ನು ನೋಡಿದ. “ಏನೋ, ನಿನ್ನ ಹೆಂಡ್ತಿಗೆ ನನ್ನ ಕೋಣೆ ಬೇಕಂತೆ.”

“ಹೂಂ,” ಅಂದ ಮಗ.

“ಹೂಂ ಅಂದ್ರೆ? ಕೊಡು ಅಂತಲೋ ಬೇಡ ಅಂತಲೋ?”

“ಹೂಂ, ಅದೇ,” ಅಂದು ಮಗ ತಟ್ಟೆಗೆ ತಲೆ ಬಗ್ಗಿಸಿದ. ಅವನು ಸಾಮಾನು ಸಾಗಿಸುವ ಮೂರು ಚಕ್ರದ ಗಾಡಿ ಓಡಿಸುತ್ತಿದ್ದ. ದಿನವಿಡೀ ಹಾರ್ನ್ ಒತ್ತಿ, ಎದುರಿಗೆ ಬಂದವರನ್ನೆಲ್ಲ ಬೈದು, ಅವನ ಪಾಲಿನ ಮಾತು ರಸ್ತೆಯಲ್ಲೇ ಖರ್ಚಾಗುತ್ತಿತ್ತು. ಮನೆಗೆ ಉಳಿಯುತ್ತಿದ್ದದ್ದು ಹೂಂ ಮಾತ್ರ.

ಮಾವ ವಿಧಿಯಿಲ್ಲದೆ ಸೊಸೆಯ ಕಡೆಗೇ ತಿರುಗಿದ. “ನೋಡಮ್ಮ, ಬಿದಿರಿಗೆ ಬೇಕಾದ್ದು ಒಣ ಕತ್ತಲೆ. ನಿನ್ನ ಕಾಳಿಗೆ ಬೇಕಾದ್ದು ಒದ್ದೆ ಕತ್ತಲೆ. ಎರಡೂ ಒಂದೇ ಕೋಣೇಲಿ ಹ್ಯಾಗಾಗುತ್ತೆ?”

“ಮಧ್ಯ ಗೋಣಿತಾಟು ಕಟ್ಟೋಣ.”

“ತೇವ ಏನು ಗೋಣಿತಾಟು ನೋಡಿ ಹೆದರ್ಕೊಂಡು ವಾಪಸು ಹೋಗುತ್ತಾ?”

“ಹಾಗಾದ್ರೆ ಎಲ್ಲಿ ಬೆಳೀಲಿ? ಬೀರುವಿನಲ್ಲಾ?”

“ಬೀರು ನಂದು,” ಅಂದಳು ಅತ್ತೆ ಥಟ್ಟನೆ.

ಸೊಸೆ ಸುಮ್ಮಸುಮ್ಮನೆ ಕೋಣೆ ಕೇಳುತ್ತಿರಲಿಲ್ಲ. ಆರು ವರ್ಷ ಒಂದು ಪ್ಯಾಕಿಂಗ್ ಶೆಡ್ಡಿನಲ್ಲಿ ನಿಂತು ಡಬ್ಬಿಗಳಿಗೆ ಮುಚ್ಚಳ ಒತ್ತಿದ್ದಳು. ದಿನಕ್ಕೆ ಹತ್ತು ಗಂಟೆ ನಿಂತೇ ಇರಬೇಕು. ಕೂತರೆ ಮೇಲ್ವಿಚಾರಕ ಬೆಂಚು ತೆಗೆಸುತ್ತಿದ್ದ. ಹೋದ ತಿಂಗಳು ಅದನ್ನು ಬಿಟ್ಟಿದ್ದಳು. ನೂಡಲ್ಸ್ ಅಂಗಡಿಯಾಕೆಯ ಮಾತು ಇಷ್ಟೇ: ಒಂದು ತಿಂಗಳು ಒಂದು ದಿನವೂ ತಪ್ಪದಂತೆ ಕೊಟ್ಟರೆ ಆಮೇಲೆ ಖಾಯಂ. ತಪ್ಪಿದರೆ ಬೇರೆಯವರಿದ್ದಾರೆ. ಬೇರೆಯವರಿದ್ದರೆ ಸೊಸೆಗೆ ಮತ್ತೆ ಮುಚ್ಚಳವೇ.

ಮೂರು ದಿನ ಊಟಕ್ಕೆ ಕೂತಾಗಲೆಲ್ಲ ಇದೇ ಮಾತು ಆಯಿತು. ನಾಲ್ಕನೆಯ ದಿನ ಅತ್ತೆ ಸೌಟನ್ನು ಪಾತ್ರೆಗೆ ಬಡಿದಳು.

“ಸಾಕು ಮಾಡಿ. ಅರ್ಧ ಅರ್ಧ ಹಂಚ್ಕೊಳ್ಳಿ. ಯಾರ ಗಿರಾಕಿ ಮೊದಲು ಈ ಬಾಗಿಲಿಗೆ ಬಂದು ಬೈತಾರೋ ಅವರು ಗಂಟುಮೂಟೆ ಕಟ್ಕೊಂಡು ಕೋಣೆ ಬಿಡಬೇಕು. ಇಬ್ರೂ ಒಪ್ಪಿದ್ರೆ ಅನ್ನ, ಇಲ್ದಿದ್ರೆ ಇಲ್ಲ.”

“ನನ್ನ ಗಿರಾಕಿ ನಲವತ್ತು ವರ್ಷದಲ್ಲಿ ಒಬ್ಬನೂ ಬಂದು ಬೈದಿಲ್ಲ,” ಅಂದ ಮಾವ.

“ನಾನು ಬೈದಿದ್ದೀನಲ್ಲ.”

“ನೀನು ಗಿರಾಕಿ ಅಲ್ಲ ಕಣೇ.”

“ಅದಕ್ಕೇ ಈ ಮನೇಲಿ ನನಗೊಂದು ಕುರ್ಚಿ ಇಲ್ಲ. ತಟ್ಟೆ ಹಿಡೀರಿ.”

ಗೋಣಿತಾಟು ಕಟ್ಟಿದರು. ಎಡಕ್ಕೆ ಬಿದಿರು, ಬಲಕ್ಕೆ ಟಬ್ಬು. ಸೊಸೆ ಮೊದಲ ದಿನವೇ ಸ್ಟೂಲು ಹತ್ತಿ ಬಲ್ಬು ಬಿಚ್ಚಿದಳು.

“ಇದೇನಮ್ಮ, ನನ್ನ ಕೋಣೆಗೆ ನಾನೇ ತಡಕಾಡ್ಕೊಂಡು ಹೋಗಬೇಕಾ?”

“ಕಣ್ಣು ಮುಚ್ಕೊಂಡು ಕುರ್ಚಿ ಮಾಡ್ತೀನಿ ಅಂತ ನೀವೇ ಹೇಳ್ತಿರ್ತೀರಲ್ಲ ಮಾವ.”

ಅದು ನಿಜ. ಬೀದಿಯಲ್ಲಿ ಸಿಕ್ಕವರಿಗೆಲ್ಲ ಮಾವ ಹಾಗೇ ಹೇಳುತ್ತಿದ್ದ. ಆದ್ದರಿಂದ ಮರುಮಾತಾಡದೆ ಹೋದ. ಅಂದಿನಿಂದ ಹಿಂದಿನ ಕೋಣೆಯಿಂದ ಆಗಾಗ ಬಿದಿರು ಉರುಳುವ ಸದ್ದು, ಅದರ ಹಿಂದೆಯೇ ಮಾವನ ಬೈಗುಳ ಕೇಳಿಸುತ್ತಿತ್ತು. ಯಾರಾದರೂ ಬಾಗಿಲ ಬಳಿ ಹೋಗಿ “ಏನಾಯ್ತು?” ಅಂದರೆ, “ಏನೂ ಇಲ್ಲ, ಎಲ್ಲಾ ಕಾಣಿಸ್ತಿದೆ,” ಅನ್ನುತ್ತಿದ್ದ.

ಸೊಸೆ ಬೆಳಗ್ಗೆ ಐದಕ್ಕೆ ಎದ್ದು ಟಬ್ಬುಗಳಿಗೆ ನೀರು ಹಾಕುವಳು. ಆಮೇಲೆ ನಾಲ್ಕು ಗಂಟೆಗೊಮ್ಮೆ. ನೀರು ಇಳಿದ ಮೇಲೆ ಕಾಳಿನ ಮೇಲೆ ಒದ್ದೆ ಬಟ್ಟೆ, ಬಟ್ಟೆಯ ಮೇಲೆ ಹಲಗೆ, ಹಲಗೆಯ ಮೇಲೆ ಕಲ್ಲು. ಭಾರ ಬಿದ್ದರೆ ಮೊಳಕೆ ದಪ್ಪವಾಗುತ್ತದೆ, ಇಲ್ಲದಿದ್ದರೆ ದಾರದಂತೆ ಸಣ್ಣಗೆ ಉದ್ದವಾಗುತ್ತದೆ. ದಾರದಂಥವು, ಬಾಗಿಲ ಸಂದಿಯ ಬೆಳಕು ತಾಗಿ ಹಸಿರಾದವು, ತುದಿ ಮುರಿದವು ಎಲ್ಲ ಮನೆಯ ತಟ್ಟೆಗೆ ಬರುತ್ತಿದ್ದವು. ಬೆಳಗ್ಗೆ ಮೊಳಕೆ, ಮಧ್ಯಾಹ್ನ ಮೊಳಕೆ ಹಾಕಿದ ಮೊಟ್ಟೆ, ರಾತ್ರಿ ಮೊಟ್ಟೆಯಿಲ್ಲದ ಮೊಳಕೆ.

ಎಂಟು ವರ್ಷದ ಮೊಮ್ಮಗಳು, ಎಲ್ಲದಕ್ಕೂ ಕುಂಯ್ ಅನ್ನುತ್ತಿದ್ದುದರಿಂದ ಪಿಟೀಲು ಎಂಬ ಹೆಸರು ಪಡೆದವಳು, ತಟ್ಟೆ ದೂಡಿದಳು. “ಅಮ್ಮ, ನನ್ನ ಹೊಟ್ಟೇಲಿ ಗಿಡ ಹುಟ್ಟುತ್ತೆ.”

“ಹುಟ್ಟಲ್ಲ. ಅಲ್ಲೂ ಕತ್ತಲೆ ಇದೆ, ಬರೀ ಮೊಳಕೆ ಬರುತ್ತೆ. ತಿನ್ನು,” ಅಂದ ಮಾವ.

ಮೂರನೆಯ ವಾರ ಮಾವನ ಹತ್ತು ಕುರ್ಚಿ ಸಿದ್ಧವಾದವು. ಮೂಲೆ ರಸ್ತೆಯಲ್ಲಿ ಹೊಸದಾಗಿ ಚಹಾದಂಗಡಿ ಹಾಕಿದವನು ಹೇಳಿ ಮಾಡಿಸಿದ್ದು. ಮಾವನ ಮನೆಯ ಪದ್ಧತಿಯಂತೆ ಪ್ರತಿ ಕುರ್ಚಿಯ ಮೇಲೂ ಅತ್ತೆ ಕೂತೆದ್ದಳು. ಅವಳು ಕೂತಾಗ ಕುರ್ಚಿ ಕಿರ್ ಅನ್ನದಿದ್ದರೆ ಪಾಸು. ಹತ್ತೂ ಪಾಸಾದವು. ಚಹಾದಂಗಡಿಯವನು ಬಂದು ಒಂದನ್ನು ಒಂದೇ ಕೈಯಲ್ಲಿ ಎತ್ತಿ ನೋಡಿದ.

“ಚೆನ್ನಾಗಿದೆ ಯಜಮಾನ್ರೇ. ಆದ್ರೆ ತೀರಾ ಹಗುರ. ನಂದು ತೆರೆದ ಜಗಲಿ. ಗಾಳಿ ಬಂದ್ರೆ ಕುರ್ಚಿ ಹಿಂದೆ ನಾನು ಓಡಬೇಕಾಗುತ್ತೆ.”

“ನಾಳೆ ಬಾ. ಗಾಳಿ ಅಲ್ಲ, ನೀನೇ ತಳ್ಳಿದ್ರೂ ಅಲುಗಾಡಲ್ಲ.”

ಮಾವನಿಗೆ ಉಪಾಯ ಗೊತ್ತಿತ್ತು. ಬಿದಿರಿನ ಕಾಲು ಒಳಗೆ ಪೊಳ್ಳು. ಕೆಳತುದಿಯಿಂದ ಮೊದಲ ಗೆಣ್ಣಿನವರೆಗೆ ಸಣ್ಣ ಜಲ್ಲಿ ತುಂಬಿ, ಮರದ ಬಿರಡೆ ಜಡಿದು, ಅಂಟು ಹಾಕಿ, ಅಡ್ಡಲಾಗಿ ಬಿದಿರಿನ ಮೊಳೆ ಹೊಡೆದರೆ ಕುರ್ಚಿ ನೆಲ ಬಿಟ್ಟು ಏಳುವುದಿಲ್ಲ. ಜಲ್ಲಿಯ ಚೀಲ ಹಿಂದಿನ ಕೋಣೆಯಲ್ಲಿ, ಅವನ ಪಾಲಿನ ಗೋಡೆಯ ಪಕ್ಕ, ಬಾಗಿಲಿನಿಂದ ಎರಡು ಹೆಜ್ಜೆಗೆ ಇಟ್ಟಿದ್ದ. ಕುರ್ಚಿಗಳನ್ನು ಒಂದೊಂದಾಗಿ ಒಳಗೆ ಒಯ್ದು ತಲೆಕೆಳಗಾಗಿಸಿ, ಕತ್ತಲಲ್ಲೇ ತಗಡಿನ ಚೊಂಬಿನಿಂದ ಮೊಗೆದು ಮೊಗೆದು ಗಲಗಲ ಸುರಿದ. ನಲವತ್ತು ಕಾಲು. ಮಧ್ಯಾಹ್ನ ಶುರು ಮಾಡಿ ಸಂಜೆಯ ಚಹಾದ ಹೊತ್ತಿಗೆ ಮುಗಿಸಿದ.

“ಬಲ್ಬು ಹಾಕಿಕೊಡ್ಲಾ ಮಾವ?” ಅಂತ ಸೊಸೆ ಹೊರಗಿನಿಂದ ಕೂಗಿದ್ದಳು. ಕೇಳಿದಳೆಂಬುದು ನಿಜ, ಹಾಕುವ ಮನಸ್ಸಿರಲಿಲ್ಲವೆಂಬುದೂ ನಿಜ.

“ಏನೂ ಬೇಡ. ಎಲ್ಲಾ ಕಾಣಿಸ್ತಿದೆ.”

ಮರುದಿನ ಮಗ ಕುರ್ಚಿಗಳನ್ನು ಗಾಡಿಗೆ ಹೇರಿ ಚಹಾದಂಗಡಿಗೆ ಮುಟ್ಟಿಸಿ ಬಂದ. ಅದರ ಮರುದಿನ ಬೆಳಗ್ಗೆ ಐದಕ್ಕೆ ಸೊಸೆ ಎರಡು ದಿನಕ್ಕೊಮ್ಮೆಯ ಪದ್ಧತಿಯಂತೆ ಕಾಳು ನೆನೆಸಲು ಹೋಗಿ ಚೀಲಕ್ಕೆ ಕೈ ಹಾಕಿದಳು. ಕೈ ಮೊಣಕೈವರೆಗೆ ಹೋಯಿತು, ಭುಜದವರೆಗೂ ಹೋಯಿತು, ತಳದ ಗೋಣಿ ಸಿಕ್ಕಿತು. ಎರಡು ಹಿಡಿ ಕಾಳು ಉಳಿದಿತ್ತು.

“ಹದಿನಾಲ್ಕು ಕಿಲೊ ಇತ್ತು!” ಅವಳ ಕೂಗಿಗೆ ಮನೆಯೆಲ್ಲ ಎದ್ದಿತು. “ಮೊನ್ನೆ ತಾನೆ ಅಳೆದು ನೋಡಿದ್ದೆ. ಒಂದು ವಾರದ್ದು!”

“ಇಲಿ,” ಅಂದ ಮಾವ.

“ಎರಡು ದಿನದಲ್ಲಿ ಹದಿನಾಲ್ಕು ಕಿಲೊ ತಿನ್ನೋ ಇಲಿಯಾ?”

“ನೆಲದ ಮೇಲೆ ಕಾಳು ಚೆಲ್ಲಿದೆ ನೋಡು. ಇಲಿಯೇ.”

ನೆಲದ ಮೇಲೆ ಹತ್ತಿಪ್ಪತ್ತು ಕಾಳು ಬಿದ್ದಿದ್ದವು, ಸುಳ್ಳಲ್ಲ. ಮಗ ಇಲಿಬೋನು ತಂದಿಟ್ಟ. ಆ ಮಧ್ಯಾಹ್ನ ಬಿದಿರು ತರಲು ಹೋದ ಮಾವನ ಹೆಬ್ಬೆರಳು ಬೋನಿಗೆ ಬಿತ್ತು. “ಎಲ್ಲಾ ಕಾಣಿಸ್ತಿತ್ತಾ ಅಜ್ಜ?” ಅಂತ ಪಿಟೀಲು ಕೇಳಿ ಬೆನ್ನಿಗೊಂದು ತಿಂದಳು.

ಇಲಿಯಂತೂ ಬೀಳಲಿಲ್ಲ. ಸೊಸೆ ಗಂಡನ ಎದುರು ಕೂತಳು. “ರೀ, ಕುರ್ಚಿ ಹೇರೋ ದಿನ ನಿಮ್ಮ ತಂಗಿ ಬಂದಿದ್ಲಲ್ಲ. ಹೋಗೋವಾಗ ಅವಳ ಕೈಲಿ ದೊಡ್ಡ ಚೀಲ ಇತ್ತು.”

“ಹೂಂ.”

“ಏನ್ ಹೂಂ? ಅತ್ತೆ ಕೊಟ್ಟು ಕಳಿಸಿರ್ಬೇಕು ಅಂತೀನಿ.”

ಒಳಗಿದ್ದ ಅತ್ತೆಗೆ ಕೇಳಿಸಿತು. ಆಕೆಗೆ ಕೇಳಿಸಲಿ ಎಂದೇ ಸೊಸೆ ಹೇಳಿದ್ದು. ಅತ್ತೆ ಹೊರಗೆ ಬಂದು, ಕೈಯಲ್ಲಿದ್ದ ಸೌಟು, ಸೊಂಟದಲ್ಲಿದ್ದ ಬೀರುವಿನ ಬೀಗದ ಕೈ ಎರಡನ್ನೂ ಸೊಸೆಯ ಮುಂದಿಟ್ಟಳು.

“ತಗೋಮ್ಮ. ಕಳ್ಳಿ ಅಂದ ಮೇಲೆ ಇವೆಲ್ಲ ನನ್ನ ಹತ್ರ ಯಾಕೆ? ನನ್ನ ಮಗಳು ತಗೊಂಡು ಹೋದದ್ದು ಹಳೇ ಕಂಬಳಿ. ಅದರಲ್ಲೂ ಎರಡು ತೂತಿದ್ವು, ಎಣಿಸಿಯೇ ಕೊಟ್ಟಿದ್ದೀನಿ.”

ಆ ಹೊತ್ತಿನಿಂದ ಅತ್ತೆ ಸೊಸೆಯೊಡನೆ ಮಾತು ಬಿಟ್ಟಳು. ಹೇಳುವುದೇನಿದ್ದರೂ ಪಿಟೀಲಿನ ಮೂಲಕ. “ನಿಮ್ಮಮ್ಮನಿಗೆ ಹೇಳು, ಹಾಲು ಉಕ್ತಾ ಇದೆ ಅಂತ.” ಪಿಟೀಲು ಬಂದು ಹೇಳಿ, ಸೊಸೆ ಎದ್ದು ಹೋಗುವಷ್ಟರಲ್ಲಿ ಹಾಲು ಉಕ್ಕಿ ಒಲೆಯ ಮೇಲೆ ಹರಿದಿರುತ್ತಿತ್ತು.

ಸಗಟು ಅಂಗಡಿಯಲ್ಲಿ ಹೊಸ ಕಾಳು ಬರಲು ಮೂರು ದಿನವಿತ್ತು. ಪಕ್ಕದ ಕಿರಾಣಿಯಿಂದ ತಂದ ಕಾಳು ಹಳೆಯದು. ಅರ್ಧ ಮೊಳೆಯಿತು, ಅರ್ಧ ಕೊಳೆಯಿತು. ಟಬ್ಬುಗಳಲ್ಲಿದ್ದ ಹಳೆಯ ಮೊಳಕೆ ಮುಗಿದ ಮೇಲೆ ಒಂದು ದಿನ ನಾಲ್ಕು ಕಿಲೊ ಹೋಯಿತು, ಮರುದಿನ ಏನೂ ಹೋಗಲಿಲ್ಲ. ಮೂರನೆಯ ದಿನ ಬೆಳಗ್ಗೆ ನೂಡಲ್ಸ್ ಅಂಗಡಿಯಾಕೆ ಸ್ಕೂಟರ್ ನಿಲ್ಲಿಸಿ ಬಾಗಿಲಿಗೇ ಬಂದಳು. ಹೆಲ್ಮೆಟ್ ಕೂಡ ತೆಗೆಯಲಿಲ್ಲ.

“ಏನಮ್ಮ, ಮೊಳಕೆ ಇಲ್ದೆ ನಾನೇನು ಹಾಕಿಕೊಡ್ಲಿ? ತಟ್ಟೇಲಿ ನಿನ್ನ ಫೋಟೋ ಇಟ್ಟು ಕೊಡ್ಲಾ?”

“ಅಕ್ಕ, ಎರಡೇ ದಿನ ಟೈಮ್ ಕೊಡಿ. ಕಾಳು ಕಳುವಾಗಿದೆ.”

“ಕಾಳನ್ನ ಯಾರಮ್ಮ ಕದೀತಾರೆ?”

ಬಾಗಿಲ ಹಿಂದಿನಿಂದ ಅತ್ತೆ ಅಂದಳು: “ಪಿಟೀಲು, ಆಯಮ್ಮನಿಗೆ ಹೇಳು, ಒಳ್ಳೇ ಪ್ರಶ್ನೆ ಕೇಳಿದ್ರು ಅಂತ.”

ಗಿರಾಕಿ ಬಾಗಿಲಿಗೆ ಬಂದದ್ದೂ ಆಯಿತು, ಬೈದದ್ದೂ ಆಯಿತು. ಸೊಸೆ ಅಂದೇ ಟಬ್ಬುಗಳನ್ನು ಹೊರಗೆ ತಂದಳು. ಮಾವ ಬಲ್ಬು ಹಾಕಿಕೊಂಡು, ಗೋಣಿತಾಟು ಕಿತ್ತು, ಮಡಿಸಿ ಅವಳ ಕೈಗೇ ಕೊಟ್ಟ. ಎರಡು ಟಬ್ಬು ಮಂಚದ ಕೆಳಗೆ ಹೋದವು, ಎರಡು ಬಚ್ಚಲಿಗೆ, ಎರಡು ಅಡುಗೆಮನೆಯ ಕಟ್ಟೆಯ ಅಡಿಗೆ. ಬಚ್ಚಲಲ್ಲಿ ಮಗ ಸ್ನಾನ ಮಾಡುವಾಗ ಸೋಪಿನ ನೀರು ಟಬ್ಬಿಗೆ ಹಾರಿತು. ಮಂಚದ ಕೆಳಗಿನವಕ್ಕೆ ಬೆಳಕು ತಾಗಿತು. ಹಸಿರು ಮೊಳಕೆಯ ಬುಟ್ಟಿ ಎರಡು ಸಲ ಹೋದ ದಾರಿಯಲ್ಲೇ ವಾಪಸು ಬಂತು. ಮೂರನೆಯ ಸಲ ನೂಡಲ್ಸ್ ಅಂಗಡಿಯಾಕೆ ಬೇರೆಯವರನ್ನು ಗೊತ್ತುಮಾಡಿಕೊಂಡಿದ್ದಳು. ಮನೆಯವರು ಹಸಿರು ಮೊಳಕೆ ತಿನ್ನುತ್ತ, ಒಬ್ಬರನ್ನೊಬ್ಬರು ನೋಡದೆ ಊಟ ಮುಗಿಸುತ್ತಿದ್ದರು.

ಹೀಗಿರುವಾಗ ಒಂದು ಭಾನುವಾರ ಚಹಾದಂಗಡಿಯವನು ಬಂದ. ಬಾಗಿಲಲ್ಲಿ ನಿಂತೇ ಹೇಳಿದ: “ಯಜಮಾನ್ರೇ, ನಿಮ್ಮ ಕುರ್ಚಿಗೆ ಹುಳ ಬಿದ್ದಿದೆ.”

ಎಲ್ಲರೂ ಅತ್ತೆಯ ಮುಖ ನೋಡಿದರು.

“ಇರಿ,” ಅಂದಳು ಅತ್ತೆ. “ಇದು ಬೈಗುಳವೋ ಬರೀ ಸುದ್ದಿಯೋ ಮೊದಲು ಗೊತ್ತಾಗ್ಲಿ.”

“ನನ್ನ ಬಿದಿರಿಗೆ ಹುಳಾನಾ?” ಮಾವ ಎದ್ದು ನಿಂತ. “ಇಪ್ಪತ್ತೊಂದು ದಿನ ನೀರಲ್ಲಿ ಹಾಕಿ, ಅದರ ಸಿಹಿಯೆಲ್ಲ ತೆಗೆದು, ಮೂರು ತಿಂಗಳು ನೆರಳಲ್ಲಿ ಒಣಗಿಸಿದ ಬಿದಿರು. ಹುಳ ಬಾಯಿ ಹಾಕಿದ್ರೆ ಮೂತಿ ಸಿಂಡರಿಸ್ಕೊಂಡು ಹೋಗುತ್ತೆ!”

“ಹೋಗಿಲ್ಲ. ಅಲ್ಲೇ ಇದೆ. ಬೆರಳುದ್ದ, ಬೆಳ್ಳಗೆ, ಕಾಲಿನಿಂದ ಹೊರಗೆ ನೇತಾಡ್ತಿದೆ. ಗಿರಾಕಿಗಳು ಕಾಲು ಮೇಲೆತ್ಕೊಂಡು ಚಹಾ ಕುಡೀತಿದ್ದಾರೆ.”

“ನಡಿ. ನಾನೇ ಬಂದು ನೋಡ್ತೀನಿ. ಎಲ್ಲರೂ ಬನ್ನಿ, ನಿಮಗೂ ಗೊತ್ತಾಗ್ಲಿ.”

ಮಗ ಗಾಡಿ ತೆಗೆದ. ಮನೆಯವರೆಲ್ಲ ಹಿಂದೆ ಸಾಮಾನಿನಂತೆ ಕೂತರು. ದಾರಿಯಲ್ಲಿ ಚಹಾದಂಗಡಿಯವನು ಕಥೆ ಹೇಳಿದ. ಜಗಲಿಯನ್ನು ಬೆಳಗ್ಗೆ ಸಂಜೆ ನೀರು ಹೊಡೆದು ತೊಳೆಯುವುದು ಅವನ ಅಭ್ಯಾಸ. ಕುರ್ಚಿ ಬಂದ ವಾರಕ್ಕೆ ಒಬ್ಬರು ನಿವೃತ್ತ ಹೆಡ್‌ಮಾಸ್ತರರು ಕೂತಿದ್ದಾಗ ಫಟ್ ಅಂತ ಕಾಲು ಸೀಳಿತು.

“ಪಾಪ, ದಪ್ಪ ಮನುಷ್ಯ. ತಪ್ಪಾಯ್ತಪ್ಪ ಅಂತ ಚಹಾ ಅರ್ಧಕ್ಕೇ ಬಿಟ್ಟು ಹೋದ್ರು. ನಾನೂ ಅವರನ್ನ ದುರುಗುಟ್ಕೊಂಡು ನೋಡ್ದೆ. ಆಮೇಲೆ ಯಾರೂ ಕೂತಿಲ್ಲದ ಕುರ್ಚಿ ಫಟ್ ಅಂತು. ಎಲ್ಲಾ ತಂತಿ ಸುತ್ತಿ ಸುಧಾರಿಸ್ಕೊಂಡಿದ್ದೆ. ಈಗ ಹುಳ.”

ಜಗಲಿಯಲ್ಲಿ ಹತ್ತು ಕುರ್ಚಿಗಳು ತಂತಿ ಸುತ್ತಿಕೊಂಡು ನಿಂತಿದ್ದವು. ಸೀಳಿನಿಂದ ಬೆಳ್ಳಗಿನವು ಗೊಂಚಲು ಗೊಂಚಲಾಗಿ ಇಳಿದಿದ್ದವು. ಮಾವ ಸ್ವಲ್ಪ ದೂರದಲ್ಲೇ ನಿಂತುಬಿಟ್ಟ. ಸೊಸೆ ಮಂಡಿಯೂರಿ ಕೂತು ಒಂದನ್ನು ಎಳೆದು ನೋಡಿದಳು. ಮೂಸಿದಳು. ಮುರಿದಳು; ಕರುಂ ಅಂತು.

“ಹುಳ ಅಲ್ಲ. ಹೆಸರುಕಾಳು.”

“ಕುರ್ಚಿಯೊಳಗೆ ಹೆಸರುಕಾಳು ಹ್ಯಾಗೆ ಬಂತು?” ಅಂದ ಚಹಾದಂಗಡಿಯವನು.

ಮಾವ ತನ್ನ ಕೈ ನೋಡಿಕೊಂಡ. ನಲವತ್ತು ವರ್ಷ ಬಿದಿರು ಸೀಳಿ ಸೀಳಿ ಬೆರಳ ತುದಿಗಳು ಕೊರಡಾಗಿದ್ದವು; ಬಿಸಿ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುವ ಕೈ ಅದು. ಜಲ್ಲಿ ಯಾವುದು, ಕಾಳು ಯಾವುದು ಎಂದು ಅದಕ್ಕೆ ತಿಳಿಯುವಂತಿರಲಿಲ್ಲ.

“ಜಲ್ಲಿ ಚೀಲ ಗೋಡೆ ಪಕ್ಕ ಇತ್ತಲ್ಲ,” ಅಂದ ಕೊನೆಗೆ.

ಸೊಸೆ ನೆಲ ನೋಡಿದಳು. “ನನ್ನ ಕಡೆ ತೇವ ಜಾಸ್ತಿ ಆಯ್ತು ಅಂತ ಕಾಳಿನ ಚೀಲ ಅಲ್ಲಿಟ್ಟೆ. ನಿಮ್ಮದನ್ನ ಮೂಲೆಗೆ ಸರಿಸಿದ್ದೆ.”

“ಹೇಳಬಾರದಿತ್ತಾ?”

“ಎಲ್ಲಾ ಕಾಣಿಸ್ತಿದೆ ಅಂದಿರಲ್ಲ.”

ಅತ್ತೆ ಒಂದು ಕುರ್ಚಿ ಎಳೆದುಕೊಂಡು ಕೂತಳು. ಕಿರ್ ಅಂತು. ಎದ್ದಳು. ಅಷ್ಟರಲ್ಲಿ ಸೊಸೆ ಮೊಳಕೆಗಳನ್ನು ಸೆರಗಿಗೆ ಕಿತ್ತು ತುಂಬಿಕೊಳ್ಳತೊಡಗಿದ್ದಳು. “ಮಾವ, ಎಷ್ಟು ದಪ್ಪ ಇವೆ ನೋಡಿ! ಒಳಗೆ ಇಕ್ಕಟ್ಟಾಗಿತ್ತಲ್ಲ, ಚೆನ್ನಾಗಿ ಭಾರ ಬಿದ್ದಿದೆ. ಟಬ್ಬಿನಲ್ಲಿ ಒಂದು ದಿನವೂ ಹೀಗೆ ಬಂದಿರಲಿಲ್ಲ.”

“ಬಾಯ್ಮುಚ್ಚಮ್ಮ,” ಅಂದ ಮಾವ.

ಆಮೇಲೆ ಚಹಾದಂಗಡಿಯವನು ಬೈದ. ಜಗಲಿಯಲ್ಲಿ ಬೈದದ್ದು ಸಾಲದೆಂದು ಗಾಡಿಯ ಹಿಂದೆಯೇ ಮನೆಯ ಬಾಗಿಲವರೆಗೂ ಬಂದು, ಕುರ್ಚಿ ಇಳಿಸುವಷ್ಟು ಹೊತ್ತೂ ಬೈದ. ಬಿದಿರು ಬೇಡ, ಪ್ಲಾಸ್ಟಿಕ್ ಕುರ್ಚಿ ತಗೊಳ್ತೀನಿ ಅಂದ. ಮಾವನಿಗೆ ಉಳಿದೆಲ್ಲ ಬೈಗುಳಕ್ಕಿಂತ ಅದೇ ಹೆಚ್ಚು ಚುಚ್ಚಿತು.

ಸಂಜೆ ಅಂಗಳದಲ್ಲಿ ಮಾವ ಗರಗಸ ಹಿಡಿದು ಕಾಲು ಕೊಯ್ದ, ಸೊಸೆ ಒಳಗಿನದನ್ನು ಬುಟ್ಟಿಗೆ ಸುರಿದಳು. ಒಡೆಯದ ಕಾಲುಗಳ ಕಾಳಿಗೂ ಬೂಸಲು ಹಿಡಿದಿತ್ತು.

“ಹೊಸ ಚೀಲ ನಾನು ತಂದ್ಕೊಡ್ತೀನಿ,” ಅಂದ ಮಾವ, ಗರಗಸ ನಿಲ್ಲಿಸದೆ.

“ಯಾರಿಗೆ ಬೆಳೀಲಿ ಮಾವ? ಆಯಮ್ಮ ಬೇರೆಯವರನ್ನ ಹಿಡ್ಕೊಂಡಾಯ್ತು.”

ಒಳಗಿನಿಂದ ಪಿಟೀಲು ಓಡಿ ಬಂದಳು. “ಅಮ್ಮ, ಅಜ್ಜಿ ಹೇಳ್ತಿದ್ದಾರೆ, ಸೋದರತ್ತೆಗೆ ಫೋನ್ ಮಾಡಿ ತಪ್ಪಾಯ್ತು ಅನ್ನಬೇಕಂತೆ. ಆಮೇಲೆ ಮಾತಾಡ್ತಾರಂತೆ.”

ಸೊಸೆ ಕೈ ತೊಳೆದು ನಾದಿನಿಗೆ ಫೋನ್ ಮಾಡಿದಳು. ಅತ್ತೆ ಬಾಗಿಲಿಗೆ ಬಂದು ನಿಂತು ಕೇಳಿಸಿಕೊಂಡಳು.

“ಹೇಳಿ ಅತ್ತಿಗೆ, ಚೆನ್ನಾಗಿದ್ದೀರಾ?”

“ತಪ್ಪಾಯ್ತು ಕಣೇ. ಕಾಳು ತಗೊಂಡು ಹೋದವಳು ನೀನಲ್ಲ.”

“ಯಾವ ಕಾಳು?”

“ಹದಿನಾಲ್ಕು ಕಿಲೊ ಹೆಸರುಕಾಳು.”

“ನಾನ್ಯಾಕೆ ತಗೊಂಡು ಹೋಗ್ಲಿ?”

“ಅದೇ. ತಗೊಂಡು ಹೋಗಿಲ್ಲ ಅಂತ ಇವತ್ತು ಗೊತ್ತಾಯ್ತು.”

“ಅಂದ್ರೆ ನಿನ್ನೆವರೆಗೂ ತಗೊಂಡು ಹೋಗಿದ್ದೀನಿ ಅಂದ್ಕೊಂಡಿದ್ರಾ?”

ಆಮೇಲೆ ಆ ಕಡೆಯಿಂದ ಬಂದ ಮಾತು ಬಹಳ ಹೊತ್ತು ನಡೆಯಿತು. ಸೊಸೆ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು ಕೇಳಿದಳು. ಅದು ತಾನಾಗಿ ಕಟ್ಟಾಯಿತು.

“ಏನಂದ್ಲು?” ಅತ್ತೆ ಮಾತು ಬಿಟ್ಟದ್ದನ್ನು ಮರೆತು ನೇರವಾಗಿ ಕೇಳಿದಳು.

“ಇನ್ಮೇಲೆ ಈ ಮನೆಗೆ ಕಾಲಿಡಲ್ಲ ಅಂದ್ಲು. ಕಂಬಳಿಯನ್ನೂ ವಾಪಸು ಕಳಿಸ್ತಾಳಂತೆ.”

“ಅವಳಿಗೆ ಗೊತ್ತೇ ಇರ್ಲಿಲ್ವಾ?”

“ನೀವು ಹೇಳಿರ್ತೀರಿ ಅಂದ್ಕೊಂಡಿದ್ದೆ.”

“ನಾನ್ಯಾಕೆ ಹೇಳ್ಲಿ? ನನಗೇ ಅವಮಾನ!” ಅಂದಳು ಅತ್ತೆ. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಳು. “ಹಿಂದಿನ ಕೋಣೆ ಇಬ್ರೂ ಖಾಲಿ ಮಾಡಿ. ಇಬ್ರ ಗಿರಾಕೀನೂ ಬಾಗಿಲಿಗೆ ಬಂದು ಬೈದದ್ದಾಯ್ತು.”

“ಬಿದಿರು ಎಲ್ಲಿಡ್ಲೇ?” ಅಂದ ಮಾವ.

“ಮಂಚದ ಕೆಳಗೆ ಎರಡು ಟಬ್ಬಿನ ಜಾಗ ಇದೆ.”

“ಆ ಕೋಣೇಲಿ ನೀನೇನು ಮಾಡ್ತೀಯ?”

“ಮಲಗ್ತೀನಿ. ಮಧ್ಯಾಹ್ನ ಮಲಗೋಕೆ ನನಗೂ ಕತ್ತಲೆ ಬೇಕು.” ಮಗನ ಕಡೆ ತಿರುಗಿದಳು. “ನನ್ನ ಮಂಚ ಒಳಗೆ ಹಾಕೋ.”

“ಹೂಂ,” ಅಂದ ಮಗ. ಮೊದಲ ಸಲ ಆ ಮಾತಿಗೆ ಒಂದೇ ಅರ್ಥವಿತ್ತು. ಮಂಚ ಹೋಯಿತು.

ಸೋಮವಾರ ಬೆಳಗ್ಗೆ ಐದಕ್ಕೆ ಸೊಸೆಗೆ ಅಭ್ಯಾಸಬಲದಿಂದ ಎಚ್ಚರವಾಯಿತು. ನೀರು ಹಾಕಲು ಟಬ್ಬಿನಲ್ಲಿ ಕಾಳಿರಲಿಲ್ಲ. ಏಳಕ್ಕೆ ಡಬ್ಬಿ ಕಟ್ಟಿಕೊಂಡು ಪ್ಯಾಕಿಂಗ್ ಶೆಡ್ಡಿಗೆ ಹೋದಳು. ಮೇಲ್ವಿಚಾರಕ ಏನೂ ಕೇಳಲಿಲ್ಲ, ಅವಳ ಹಳೆಯ ಜಾಗ ತೋರಿಸಿದ. ಮಾವ ಬಿಸಿಲಲ್ಲಿ ಬಿದ್ದಿದ್ದ ಬಿದಿರುಗಳ ಮೇಲೆ ಗೋಣಿತಾಟು ಹೊದಿಸಿ, ಸೀಳದ ಕಾಲುಗಳನ್ನು ಬೇರೆ ಮಾಡುತ್ತ ಕೂತ.

ಹೋದದ್ದರ ಲೆಕ್ಕ ಇಷ್ಟು. ಹೆಸರುಕಾಳು ಹದಿನಾಲ್ಕು ಕಿಲೊ. ಕುರ್ಚಿ ಹತ್ತು, ಅವುಗಳ ನಲವತ್ತು ಕಾಲುಗಳಲ್ಲಿ ಸೀಳಿದ್ದು ಇಪ್ಪತ್ತೇಳು, ಉಳಿದ ಹದಿಮೂರು ಗರಗಸಕ್ಕೆ ಗಿಡ್ಡವಾದದ್ದು. ಗಿರಾಕಿಗಳು ಇಬ್ಬರು. ನಾದಿನಿ ಒಬ್ಬಳು.